ಎಷ್ಟು ಅಂದ್ರೆ ಜಾಸ್ತಿ?

ಗರ್ಭಪಾತದ ಮಾತ್ರೆ ಕೊಟ್ಟವರು ಹೇಳಿದ್ದು ಒಂದೇ ಮಾತು. "ಬ್ಲೀಡಿಂಗ್ ಆಗುತ್ತೆ, ಹೆದರಬೇಡಿ." ಎಷ್ಟು ಆಗುತ್ತದೆ, ಎಷ್ಟು ದಿನ ಆಗುತ್ತದೆ, ಯಾವಾಗ ಹೆದರಬೇಕು, ಅದನ್ನೆಲ್ಲ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಂದ ಎದ್ದು ಹೊರಗೆ ಬಂದರೆ ಸಾಕಾಗಿತ್ತು ನನಗೆ.

ಆಮೇಲೆ ಆಗಿದ್ದೇನು ಅಂದರೆ, ಹೆದರಬೇಕಿಲ್ಲದ ರಾತ್ರಿ ಹೆದರಿ ಸತ್ತೆ. ನಿಜವಾಗಿ ಹೆದರಬೇಕಾಗಿದ್ದ ಸಂಜೆ ಸುಮ್ನೆ ಮಲಗಿದ್ದೆ. ಎರಡೂ ಆಗಿದ್ದು ಒಂದೇ ಕಾರಣಕ್ಕೆ. ಎಷ್ಟು ಅಂದರೆ ಜಾಸ್ತಿ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೂ, ಅದು ನನಗೇ ಅನ್ವಯಿಸುತ್ತದೆ ಅಂತ ಒಪ್ಪಿಕೊಳ್ಳಲು ಹೊತ್ತು ಹಿಡಿಯಿತು.

ನಾನು ಡಾಕ್ಟರ್ ಅಲ್ಲ. ಆದರೆ ಆ ತಿಂಗಳು ಓದಿದಷ್ಟು ಮತ್ತೆ ಯಾವತ್ತೂ ಓದಿಲ್ಲ, ಕೇಳಿದಷ್ಟು ಪ್ರಶ್ನೆ ಯಾವ ಡಾಕ್ಟರಿಗೂ ಕೇಳಿಲ್ಲ.

ಆಗ ನನಗೆ ಏಳು ವಾರ. ಮೊದಲ ಮಾತ್ರೆ ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ, ನೀರಿನ ಜೊತೆ ನುಂಗುವುದು. ಗರ್ಭವನ್ನು ಹಿಡಿದಿಟ್ಟುಕೊಳ್ಳುವ ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನಿಗೆ ಅದು ಅಡ್ಡ ನಿಲ್ಲುತ್ತದೆ. ಗರ್ಭಕೋಶದ ಒಳಪದರ ಸಡಿಲವಾಗಲು ಶುರುವಾಗುತ್ತದೆ. ಹೊರಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ನನಗೆ ಸ್ವಲ್ಪ ವಾಕರಿಕೆ, ಅದೂ ಮೊದಲೇ ಇತ್ತು. ಕೆಲವರಿಗೆ ಈ ಮಾತ್ರೆಗೇ ಒಂಚೂರು ರಕ್ತ ಕಾಣಿಸುತ್ತದೆ. ಹಾಗಾದಾಗ "ಆಗಿಹೋಯ್ತು" ಅಂದುಕೊಂಡು ಎರಡನೇ ಮಾತ್ರೆ ಬಿಟ್ಟುಬಿಡುವವರೂ ಇದ್ದಾರೆ. ಬಿಡಬಾರದು. ಕೆಲಸ ಮುಗಿಸುವುದು ಎರಡನೆಯದೇ.

ಎರಡನೆಯದು ಮಿಸೋಪ್ರೋಸ್ಟಾಲ್. ಮೊದಲನೆಯದು ನುಂಗಿ 24ರಿಂದ 48 ಗಂಟೆ ಆದ ಮೇಲೆ, 200 ಮೈಕ್ರೋಗ್ರಾಂನ ನಾಲ್ಕು ಮಾತ್ರೆ. ನಾನು ಇಟ್ಟುಕೊಂಡಿದ್ದು ಕೆನ್ನೆಗೂ ಒಸಡಿಗೂ ನಡುವೆ, ಆ ಕಡೆ ಎರಡು, ಈ ಕಡೆ ಎರಡು. ಅರ್ಧ ಗಂಟೆ ಹಾಗೇ ಇಟ್ಟುಕೊಂಡು ಉಳಿದದ್ದನ್ನು ನೀರು ಕುಡಿದು ನುಂಗಬೇಕು. ಬಾಯಿ ತುಂಬ ಸುಣ್ಣದ ಪುಡಿ ತುಂಬಿಕೊಂಡ ಹಾಗಿರುತ್ತದೆ. ಆ ಅರ್ಧ ಗಂಟೆ ಸುಮ್ನೆ ಕೂರಲಾಗದೆ ಜೊತೆಗಿದ್ದ ಚೀಟಿ ಓದಿದೆ. ಅದರಲ್ಲಿ ಹೊಟ್ಟೆಹುಣ್ಣಿನ ವಿಷಯ ಬರೆದಿತ್ತು! ತಪ್ಪು ಮಾತ್ರೆ ಕೊಟ್ಟಿದ್ದಾರೆ ಅಂತ ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಆ ಔಷಧಿ ಮೊದಲು ಬಂದದ್ದೇ ಹೊಟ್ಟೆಹುಣ್ಣಿಗಂತೆ. ಗರ್ಭಕೋಶವನ್ನು ಹಿಂಡುವ ಗುಣವೂ ಅದಕ್ಕಿದೆ. ಎರಡೂ ಮಾತ್ರೆಗಳು 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ.

ಎಂಟು ಗಂಟೆಗೆ ಇಟ್ಟುಕೊಂಡೆ. ಒಂಬತ್ತೂವರೆಗೆ ಚಳಿ ಶುರುವಾಯಿತು. ಹಲ್ಲು ಕಟಕಟ ಅನ್ನುವಷ್ಟು. ಎರಡು ಹೊದಿಕೆ ಹೊದ್ದರೂ ನಡುಕ ನಿಲ್ಲಲಿಲ್ಲ. ಮೈ ಬಿಸಿಯಾಯಿತು, ಎರಡು ಸಲ ಭೇದಿ ಆಯಿತು. ಇದೆಲ್ಲ ಮಿಸೋಪ್ರೋಸ್ಟಾಲ್ ಮಾಡುವುದೇ, ಅದೇ ದಿನ ಬಂದು ಅದೇ ದಿನ ಹೋಗುತ್ತದೆ. ನನಗದು ಗೊತ್ತಿರಲಿಲ್ಲ, ಅಷ್ಟೇ.

ಹತ್ತೂವರೆಗೆ ನೋವು ಬಂತು, ಅದರ ಹಿಂದೆಯೇ ರಕ್ತ. ಸಾಮಾನ್ಯವಾಗಿ ಒಂದರಿಂದ ನಾಲ್ಕು ಗಂಟೆಯೊಳಗೆ ಶುರುವಾಗುತ್ತದೆ, ಕೆಲವರಿಗೆ ಇನ್ನೂ ತಡ. ನೋವಿನ ಬಗ್ಗೆ ಸುಳ್ಳು ಹೇಳುವುದಿಲ್ಲ, ಮುಟ್ಟಿನ ನೋವಿನ ಹಾಗಿರುತ್ತದೆ ಅಂತ ಓದಿದ್ದೆ, ಆದರೆ ಇದು ಅದನ್ನು ನಾಲ್ಕು ಪಟ್ಟು ಮಾಡಿ ಅಲೆಅಲೆಯಾಗಿ ಕಳಿಸಿದ ಹಾಗಿತ್ತು. ಐಬುಪ್ರೊಫೆನ್ ತಗೊಂಡಿದ್ದೆ. ಪ್ಯಾರಾಸಿಟಮಾಲ್ ಈ ನೋವಿಗೆ ಅಷ್ಟಾಗಿ ತಾಗುವುದಿಲ್ಲ. ಆಸ್ಪಿರಿನ್ ಮಾತ್ರ ಬೇಡ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ.

ಹನ್ನೊಂದೂವರೆಗೆ ಬಾತ್‌ರೂಮಿಗೆ ಹೋಗಲು ಎದ್ದೆ. ಎದ್ದ ತಕ್ಷಣ ಬುಳಕ್ ಅಂತ ಒಮ್ಮೆಲೆ ಸುರಿಯಿತು. ಕಮೋಡಿನಲ್ಲಿ ಕೂತು ಕೆಳಗೆ ನೋಡಿದರೆ ನೀರೆಲ್ಲ ಕೆಂಪು. ಅದರ ನಡುವೆ ಯಕೃತ್ತಿನ ಬಣ್ಣದ ಒಂದು ಹೆಪ್ಪು, ಹೆಬ್ಬೆರಳ ಮೇಲ್ಗಂಟಿನಷ್ಟು. ನಾನು ಸಾಯುತ್ತಿದ್ದೇನೆ ಅಂತಲೇ ಅನ್ನಿಸಿತು.

ಎರಡು ವಿಷಯ ಯಾರಾದರೂ ಮೊದಲೇ ಹೇಳಿದ್ದರೆ ಆ ರಾತ್ರಿ ಸಾವಿರ ಪಾಲು ಸಲೀಸಾಗಿರುತ್ತಿತ್ತು. ಒಂದು, ಮಲಗಿದ್ದಾಗ ರಕ್ತ ಒಳಗೇ ನಿಂತಿರುತ್ತದೆ, ಎದ್ದಾಗ ಒಟ್ಟಿಗೇ ಇಳಿಯುತ್ತದೆ. ಆ ಒಂದು ಸುರಿತ ನೋಡಿ ಲೆಕ್ಕ ಹಾಕಬಾರದು. ಇನ್ನೊಂದು, ನೀರಿನಲ್ಲಿ ಬಿದ್ದ ರಕ್ತ ಇರುವುದಕ್ಕಿಂತ ತುಂಬಾ ಜಾಸ್ತಿ ಕಾಣುತ್ತದೆ. ನಾಲ್ಕು ಚಮಚ ರಕ್ತ ಸಾಕು, ಇಡೀ ಕಮೋಡ್ ಕೆಂಪಾಗಲು. ಕಮೋಡ್ ನೋಡಿ ತೀರ್ಮಾನ ಮಾಡುವುದೇ ತಪ್ಪು.

ಮಾತ್ರೆ ಕೊಟ್ಟ ಕಡೆಗೆ ಫೋನ್ ಮಾಡಿದೆ. ಆ ಕಡೆಯಿಂದ ನಿದ್ದೆಗಣ್ಣಿನ ದನಿ. "ಗಂಟೆಗೆ ಎಷ್ಟು ಪ್ಯಾಡ್?" ನನಗೆ ಉತ್ತರ ಗೊತ್ತಿರಲಿಲ್ಲ. "ತುಂಬಾ" ಅಂದೆ. "ತುಂಬಾ ಅಂದ್ರೆ ಎಷ್ಟು?" ಅಂತ ಮತ್ತೆ ಕೇಳಿದರು. ಸಿಟ್ಟು ಬಂತು. ಆಮೇಲೆ ಅವರು ಒಂದು ಆಕಳಿಕೆ ತೆಗೆದು, ಒಂದೇ ಉಸಿರಿನಲ್ಲಿ, ದಿನಾ ನೂರು ಜನಕ್ಕೆ ಹೇಳಿ ಸವೆದ ದನಿಯಲ್ಲಿ ಹೇಳಿದ್ದು ಇದು: ದೊಡ್ಡ ಪ್ಯಾಡ್ ಹಾಕಿಕೊಳ್ಳಿ, ಅದು ಪೂರ್ತಿ ನೆನೆಯಲು ಎಷ್ಟು ಹೊತ್ತು ಬೇಕಾಯಿತು ನೋಡಿ, ಒಂದು ಗಂಟೆಗೆ ಎರಡು, ಮುಂದಿನ ಗಂಟೆಗೂ ಎರಡು ನೆನೆದರೆ ಕಾಯಬೇಡಿ, ಹೊರಡಿ.

ಇಷ್ಟೇ. ಎರಡು ಗಂಟೆಯಲ್ಲಿ ನಾಲ್ಕು ಪ್ಯಾಡ್. ಇದನ್ನು ಹೇಳಲು ಅವರಿಗೆ ಹತ್ತು ಸೆಕೆಂಡ್ ಹಿಡಿಯಿತು. ಮಾತ್ರೆ ಕೊಡುವಾಗ ಆ ಹತ್ತು ಸೆಕೆಂಡ್ ಯಾರಿಗೂ ಇರಲಿಲ್ಲ.

"ಪೂರ್ತಿ ನೆನೆಯುವುದು" ಅಂದರೆ ಈ ತುದಿಯಿಂದ ಆ ತುದಿವರೆಗೆ, ಅಂಚಿನವರೆಗೆ. ನಡುವೆ ಕೆಂಪಾಗಿ ಅಂಚು ಬೆಳ್ಳಗಿದ್ದರೆ ಅದನ್ನು ಎಣಿಸುವ ಹಾಗಿಲ್ಲ. ಕಿರಿಕಿರಿ ಅಂತ ಬದಲಾಯಿಸಿದ್ದನ್ನೂ ಎಣಿಸುವ ಹಾಗಿಲ್ಲ. ಪ್ಯಾಡ್ ರಾತ್ರಿಗೆ ಹಾಕುವಷ್ಟು ದೊಡ್ಡದಿರಬೇಕು, ತೆಳ್ಳನೆಯದು ಬೇಗ ತುಂಬಿ ಸುಮ್ನೆ ಗಾಬರಿ ಮಾಡಿಸುತ್ತದೆ. ಆ ದಿನಗಳಲ್ಲಿ ಟ್ಯಾಂಪೂನ್, ಮುಟ್ಟಿನ ಕಪ್ ಬದಿಗಿಟ್ಟು ಪ್ಯಾಡೇ ಬಳಸಿದೆ, ಲೆಕ್ಕ ಸಿಗುವುದು ಅದರಲ್ಲೇ.

ಫೋನಿನಲ್ಲಿ ಬರೆದುಕೊಳ್ಳಲು ಶುರು ಮಾಡಿದೆ. 11:50 ಹೊಸ ಪ್ಯಾಡ್. 12:55 ತುಂಬಿತು. 2:10 ತುಂಬಿತು. 4:00 ಅರ್ಧ. ಇನ್ನೆರಡು ಹೆಪ್ಪು ಹೋದವು, ಅದರಲ್ಲಿ ಒಂದರ ಜೊತೆ ಬೂದು ಬಿಳಿ ಬಣ್ಣದ ಏನೋ ಇತ್ತು. ಏಳು ವಾರಕ್ಕೆ ಭ್ರೂಣ ಒಂದು ಸೆಂಟಿಮೀಟರ್ ಆಸುಪಾಸು ಇರುತ್ತದೆ. ಕೆಲವರಿಗೆ ಚೀಲದಂಥದ್ದು ಕಾಣುತ್ತದೆ, ಕೆಲವರಿಗೆ ಏನೂ ಕಾಣುವುದಿಲ್ಲ. ನಾನು ಹುಡುಕಲಿಲ್ಲ. ಹುಡುಕಲೇಬೇಕು ಅಂತೇನೂ ಇಲ್ಲ. ನಿಂಬೆಹಣ್ಣಿನ ಗಾತ್ರದವರೆಗಿನ ಹೆಪ್ಪು ಈ ಹೊತ್ತಿನಲ್ಲಿ ಬರಬಹುದು. ಅದಕ್ಕಿಂತ ದೊಡ್ಡವು ಒಂದರ ಹಿಂದೆ ಒಂದು ಬರುತ್ತಿದ್ದರೆ ಅದು ಬೇರೆ ಮಾತು.

ಐದು ಗಂಟೆಗೆ ನಿದ್ದೆ ಬಂತು. ಎದ್ದಾಗ ನೋವು ಮುಕ್ಕಾಲು ಇಳಿದಿತ್ತು. ಅಂದರೆ ನಾನು ಹೆದರಿ ನಡುಗಿದ ಆ ರಾತ್ರಿ ಪೂರಾ ಮಾಮೂಲು ರಾತ್ರಿ. ಜೋರಾದ ಭಾಗ ಹೆಚ್ಚಿನವರಿಗೆ ನಾಲ್ಕರಿಂದ ಆರು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಮುಟ್ಟಿನ ಹಾಗೆ, ಆಮೇಲೆ ಕಂದು ಕಲೆ, ನಡುವೆ ಒಂದು ದಿನ ಏನೂ ಇಲ್ಲ, ಮತ್ತೆ ಕೆಂಪು. ಸರಾಸರಿ 9ರಿಂದ 16 ದಿನ ಅನ್ನುತ್ತಾರೆ. ನೂರರಲ್ಲಿ ಎಂಟು ಮಂದಿಯವರೆಗೆ 30 ದಿನ ದಾಟುವುದೂ ಉಂಟು. ದಿನ ಜಾಸ್ತಿಯಾಯಿತು ಅನ್ನುವುದೊಂದೇ ಅಪಾಯ ಅಲ್ಲ. ಗಂಟೆಗೆ ಎಷ್ಟು ಅನ್ನುವುದು ಮುಖ್ಯ. ನನಗೆ ಇದು ತಲೆಗೆ ಹೋಗಿತ್ತು. ಆದರೂ ಹನ್ನೆರಡನೇ ದಿನ ಕೈಕೊಟ್ಟಿತು.

ಹನ್ನೆರಡನೇ ದಿನದ ಹೊತ್ತಿಗೆ ಬರೀ ಕಂದು ಕಲೆ ಇತ್ತು. ಪ್ಯಾಡ್ ಬಿಟ್ಟು ಲೈನರ್ ಹಾಕುತ್ತಿದ್ದೆ. ಸಂಜೆ ಮೆಟ್ಟಿಲು ಹತ್ತುವಾಗ ಕಾಲಿನ ಒಳಭಾಗದಲ್ಲಿ ಬೆಚ್ಚಗೆ ಹರಿದ ಹಾಗಾಯಿತು. ನೋಡಿದರೆ ಕೆಂಪು, ಹಸಿ ಕೆಂಪು. ಪ್ಯಾಡ್ ಹಾಕಿಕೊಂಡು ಮಲಗಿದೆ. ಆ ಸಂಜೆಯ ಬರಹ ಫೋನಿನಲ್ಲಿ ಇನ್ನೂ ಇದೆ, ಇದ್ದ ಹಾಗೇ ಕೊಡುತ್ತೇನೆ. 6:40 ಹೊಸ ಪ್ಯಾಡ್. 7:05 ತುಂಬಿತು. 7:35 ತುಂಬಿತು. 8:00 ತುಂಬಿತು, ಹೆಪ್ಪು. 8:30 ತುಂಬಿತು. ಇನ್ನೊಂದು ನೋಡೋಣ.

"ಇನ್ನೊಂದು ನೋಡೋಣ" ಅಂತ ಬರೆದವಳು ನಾನೇ. ನಿಯಮ ಗೊತ್ತಿದ್ದವಳು. ಎರಡು ಗಂಟೆ ಆಗುವ ಮೊದಲೇ ನಾಲ್ಕು ಪ್ಯಾಡ್ ಎಣಿಸಿದವಳು. ಯಾಕೆ ನೋಡೋಣ? ಮೊದಲ ರಾತ್ರಿ ಸುಮ್ನೆ ಹೆದರಿ ಯಾರದ್ದೋ ನಿದ್ದೆ ಕೆಡಿಸಿದ್ದೆ ಅನ್ನುವ ನಾಚಿಕೆ ಒಂದು. ಮಾತ್ರೆಯದ್ದೆಲ್ಲ ಮುಗಿದು ಹತ್ತು ದಿನದ ಮೇಲಾಗಿದೆ, ಇದು ಮುಟ್ಟೇ ಇರಬೇಕು ಅನ್ನುವ ಸಮಾಧಾನ ಇನ್ನೊಂದು. ಎಲ್ಲಕ್ಕಿಂತ ಒಳಗೆ, ನಾನೇ ಮಾಡಿಕೊಂಡದ್ದಲ್ವಾ, ನಾನೇ ಅನುಭವಿಸಬೇಕು ಅನ್ನುವ ಮೊಂಡುತನ. ಗರ್ಭಪಾತ ಮಾಡಿಸಿಕೊಂಡ ಹೆಂಗಸರ ಬಾಯಲ್ಲಿ ಈ ಕೊನೆಯ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ರಕ್ತಕ್ಕೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಮುಖ ತೊಳೆಯಲು ಎದ್ದೆ. ಕಿವಿಯಲ್ಲಿ ಗುಂಯ್ ಅಂತ ಶಬ್ದ, ಕಣ್ಣಿನ ಅಂಚಿನಿಂದ ಕತ್ತಲು ಒಳಗೆ ಬಂದ ಹಾಗೆ. ಸಿಂಕ್ ಹಿಡಿದುಕೊಂಡೆ ಅನ್ನುವವರೆಗೆ ನೆನಪಿದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಕೆನ್ನೆಗೆ ನೆಲ ತಣ್ಣಗಿತ್ತು. ಗೆಳತಿ ನನ್ನ ಫೋನ್ ಕೈಯಲ್ಲಿ ಹಿಡಿದು ಆ ಪಟ್ಟಿ ಓದುತ್ತಿದ್ದಳು. ಓದಿ ಮುಗಿಸಿ ಬೈದಳು. ಅವಳ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದರು. ಸಣ್ಣ ಚೂರು ಒಳಗೆ ಉಳಿದಿತ್ತು. ಅಷ್ಟು ಸಣ್ಣ ಚೂರಿಗೆ ಅಷ್ಟು ರಕ್ತವೇ ಅಂತ ಕೇಳಿದೆ. ಡಾಕ್ಟರ್ ತಮ್ಮ ಮುಷ್ಟಿ ಹಿಡಿದು ತೋರಿಸಿದರು. ಗರ್ಭಕೋಶ ಅಂದರೆ ಸ್ನಾಯು. ಒಳಗಿನ ರಕ್ತನಾಳಗಳ ಬಾಯಿ ಮುಚ್ಚುವುದು ಅದು ಹೀಗೆ ಬಿಗಿಯಾಗಿ ಮುಚ್ಚಿಕೊಂಡಾಗ. ಆಮೇಲೆ ಒಂದು ಪೆನ್ನು ಮುಷ್ಟಿಯೊಳಗೆ ಇಟ್ಟು ಮತ್ತೆ ಮುಚ್ಚಿದರು. ಮುಷ್ಟಿ ಪೂರ್ತಿ ಮುಚ್ಚಲಿಲ್ಲ. "ಅಷ್ಟೇ" ಅಂದರು. ಇಷ್ಟು ಚೆನ್ನಾಗಿ ಯಾರೂ ಯಾವತ್ತೂ ನನಗೆ ನನ್ನ ಮೈ ಬಗ್ಗೆ ಹೇಳಿರಲಿಲ್ಲ.

ಸಣ್ಣ ಕೊಳವೆ ಹಾಕಿ ಉಳಿದದ್ದನ್ನು ಎಳೆದು ತೆಗೆದರು. ಹತ್ತು ನಿಮಿಷವೂ ಆಗಲಿಲ್ಲ. ರಕ್ತ ನಿಂತಿತು. ಹಿಮೋಗ್ಲೋಬಿನ್ 7.9ಕ್ಕೆ ಇಳಿದಿತ್ತು. ರಕ್ತ ಏರಿಸುವ ಮಟ್ಟಕ್ಕೆ ಹೋಗಲಿಲ್ಲ, ಮೂರು ತಿಂಗಳು ಕಬ್ಬಿಣದ ಮಾತ್ರೆ. ರಕ್ತ ಏರಿಸಬೇಕಾಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆಯಂತೆ. ಹೀಗೆ ಕೊಳವೆ ಹಾಕಬೇಕಾಗುವುದು ನೂರಕ್ಕೆ ಎರಡರಿಂದ ಐದು ಮಂದಿಗೆ. ಉಳಿದವರಿಗೆಲ್ಲ ಮಾತ್ರೆಯಲ್ಲೇ ಮುಗಿಯುತ್ತದೆ. ಇದನ್ನು ಓದಿ ಯಾರೂ ಮಾತ್ರೆಗೆ ಹೆದರುವುದು ಬೇಡ, ನಾನು ಆ ಐದರೊಳಗೆ ಬಿದ್ದೆ ಅಷ್ಟೇ. ಬಿದ್ದದ್ದು ತಪ್ಪಲ್ಲ, ಬಿದ್ದ ಮೇಲೆ ಎರಡು ಗಂಟೆ ಪಟ್ಟಿ ಬರೆಯುತ್ತಾ ಕೂತಿದ್ದು ತಪ್ಪು.

ಇನ್ನೊಂದು ಮಾತು ಅವತ್ತೇ ಕಲಿತೆ. ಪ್ಯಾಡ್ ಲೆಕ್ಕ ಬೇಕಾಗುವುದು ಮೈ ಸರಿಯಿದ್ದಾಗ. ತಲೆ ತಿರುಗಿ ಬೀಳುವ ಹಾಗಾಗುತ್ತಿದ್ದರೆ, ಎದೆ ಡವಡವ ಅನ್ನುತ್ತಿದ್ದರೆ, ಮೈ ತಣ್ಣಗಾಗಿ ಬೆವರುತ್ತಿದ್ದರೆ, ಪ್ಯಾಡ್ ಒಂದೇ ತುಂಬಿದ್ದರೂ ಹೊರಡಬೇಕು. ಮೊದಲೇ ರಕ್ತ ಕಡಿಮೆ ಇರುವವರು ಇನ್ನೂ ಬೇಗ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ಕಾಪರ್-ಟಿ ಒಳಗಿರುವವರು ಮಾತ್ರೆ ತಗೊಳ್ಳುವ ಮೊದಲೇ ಡಾಕ್ಟರಿಗೆ ಹೇಳಬೇಕು.

ರಕ್ತ ಜಾಸ್ತಿ ಆಯಿತು ಅಂತ ಎಲ್ಲರೂ ಹೆದರುತ್ತಾರೆ. ರಕ್ತ ಬರಲೇ ಇಲ್ಲ ಅಂದರೆ ಯಾರೂ ಹೆದರುವುದಿಲ್ಲ, "ಒಳ್ಳೇದೇ ಆಯ್ತು, ಸುಲಭವಾಗಿ ಮುಗೀತು" ಅಂದುಕೊಳ್ಳುತ್ತಾರೆ. ನನಗೆ ಕೇಳಿದರೆ ಇದೇ ಜಾಸ್ತಿ ಭಯದ್ದು. ಮಿಸೋಪ್ರೋಸ್ಟಾಲ್ ತಗೊಂಡು 24 ಗಂಟೆ ಆದರೂ ರಕ್ತ ಬರಲಿಲ್ಲ, ಅಥವಾ ನಾಲ್ಕು ಹನಿ ಬಂದು ನಿಂತಿತು ಅಂದರೆ ಮಾತ್ರೆ ಕೆಲಸ ಮಾಡಿಲ್ಲದಿರಬಹುದು. ಅಥವಾ ಗರ್ಭ ಗರ್ಭಕೋಶದಲ್ಲಿಲ್ಲದೆ, ಅಲ್ಲಿಗೆ ಅಂಡ ತರುವ ಟ್ಯೂಬಿನಲ್ಲಿ ಕೂತಿರಬಹುದು. ಟ್ಯೂಬಿನಲ್ಲಿ ಕೂತದ್ದಕ್ಕೆ ಈ ಮಾತ್ರೆ ಏನೂ ಮಾಡುವುದಿಲ್ಲ. ಅದು ಬೆಳೆದು ಟ್ಯೂಬ್ ಒಡೆದರೆ ರಕ್ತ ಹೊಟ್ಟೆಯೊಳಗೇ ಹೋಗುತ್ತದೆ, ಪ್ಯಾಡಿನಲ್ಲಿ ಕಾಣುವುದಿಲ್ಲ. ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ಜೋರು ನೋವು, ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ತಲೆಸುತ್ತು ಇದ್ದರೆ ಆ ಕ್ಷಣವೇ ಆಸ್ಪತ್ರೆ. ಹೊಟ್ಟೆಗೂ ಭುಜಕ್ಕೂ ಏನು ಸಂಬಂಧ ಅನ್ನಿಸುತ್ತದೆ ಅಲ್ವಾ? ಹೊಟ್ಟೆಯಲ್ಲಿ ಸೇರಿದ ರಕ್ತ ಹೊಟ್ಟೆಗೂ ಎದೆಗೂ ನಡುವಿನ ಪದರವನ್ನು, ಅಂದರೆ ವಪೆಯನ್ನು, ಕೆರಳಿಸಿದರೆ ಆ ನೋವು ಭುಜದಲ್ಲಿ ಗೊತ್ತಾಗುತ್ತದೆ.

ಜ್ವರದ ವಿಷಯ ಬೇಗ ಹೇಳಿಬಿಡುತ್ತೇನೆ. ಮಾತ್ರೆಯ ದಿನದ ಚಳಿಜ್ವರ ಮಾಮೂಲು. 24 ಗಂಟೆ ದಾಟಿದ ಮೇಲೂ 38 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಹೋದ ಜ್ವರ ತಿರುಗಿ ಬಂದರೆ, ಸ್ರಾವ ಕೊಳೆತ ವಾಸನೆ ಬಂದರೆ, ಕಿಬ್ಬೊಟ್ಟೆ ಮುಟ್ಟಿದರೆ ನೋವಾದರೆ ಸೋಂಕು ಇರಬಹುದು. ಅಪರೂಪಕ್ಕೆ ಜ್ವರವೇ ಇಲ್ಲದ ಸೋಂಕೂ ಇದೆ. ಒಂದು ದಿನ ಕಳೆದ ಮೇಲೂ ವಾಂತಿ, ಭೇದಿ, ಏಳಲಾಗದ ಸುಸ್ತು ಇದ್ದರೆ ಅದನ್ನು ಮಾತ್ರೆಯ ಲೆಕ್ಕಕ್ಕೆ ಬರೆದು ಬಿಡಬೇಡಿ.

ಆಸ್ಪತ್ರೆಗೆ ಹೋದಾಗ ಏನು ಹೇಳುವುದು ಅಂತ ಗೆಳತಿಯೂ ನಾನೂ ದಾರಿಯಲ್ಲಿ ಪಿಸುಗುಟ್ಟಿಕೊಂಡೆವು. "ತಾನಾಗೇ ಹೋಯ್ತು ಅನ್ನೋಣ್ವಾ?" ಅಂದೆ. ಅವಳು ಫೋನ್ ಎತ್ತಿ ತೋರಿಸಿದಳು. ಕೊನೆಗೆ ಆ ಪಟ್ಟಿಯನ್ನೇ ಡಾಕ್ಟರ್ ಕೈಗೆ ಕೊಟ್ಟೆವು. ಯಾವ ಮಾತ್ರೆ, ಯಾವಾಗ, ಎಷ್ಟು ವಾರ, ಎಷ್ಟು ಪ್ಯಾಡ್. ಅವರು ಪಟ್ಟಿ ಓದಿದರು, ನನ್ನ ಮುಖವನ್ನು ಆಮೇಲೆ ನೋಡಿದರು. ತಾನಾಗಿ ಹೋದ ಗರ್ಭಕ್ಕೂ ಮಾತ್ರೆಯಿಂದ ಹೋದದ್ದಕ್ಕೂ ರಕ್ತ ನಿಲ್ಲಿಸುವ ಚಿಕಿತ್ಸೆ ಒಂದೇ. ಆದರೆ ಸಮಯ, ವಾರ, ಮಾತ್ರೆಯ ಹೆಸರು ಸಿಕ್ಕರೆ ಅವರ ಕೆಲಸ ಬೇಗ ಆಗುತ್ತದೆ. ಮಾತು ಬರದಿದ್ದರೆ ಬರೆದದ್ದನ್ನು ತೋರಿಸಿದರೂ ಆಯಿತು. ಆ ರಾತ್ರಿ ಮನೆಯಲ್ಲಿ ಒಬ್ಬರೇ ಇರಬೇಡಿ ಅನ್ನುವುದೂ ಇದಕ್ಕೇ, ಬಿದ್ದವಳಿಗೆ ಫೋನ್ ಎತ್ತಲಾಗುವುದಿಲ್ಲ.

ಒಂಬತ್ತನೇ ದಿನ ಸುಮ್ನೆ ಇರಲಾಗದೆ ಮನೆಯಲ್ಲೇ ಟೆಸ್ಟ್ ಮಾಡಿ, ಎರಡು ಗೆರೆ ನೋಡಿ ಅತ್ತಿದ್ದೂ ಇದೆ. ಅಷ್ಟು ಬೇಗ ಮಾಡಬಾರದು. ಟೆಸ್ಟ್ ಹಿಡಿಯುವ ಗರ್ಭದ ಹಾರ್ಮೋನ್ ರಕ್ತದಿಂದ ಇಳಿಯಲು ವಾರಗಳೇ ಬೇಕು. ಮೂರರಿಂದ ನಾಲ್ಕು ವಾರ ಬಿಟ್ಟು ಮಾಡಿದರೆ ಮಾತ್ರ ಅದಕ್ಕೆ ಅರ್ಥ. ಆದರೆ ಅಷ್ಟರೊಳಗೇ ಮತ್ತೆ ಬಸಿರಾಗಬಹುದು, ಎರಡು ವಾರದೊಳಗೇ ಅಂಡ ಬಿಡುಗಡೆ ಆಗಬಹುದು. ಯಾವ ಗರ್ಭನಿರೋಧಕ ಅನ್ನುವುದನ್ನು ಮೊದಲ ಮುಟ್ಟಿನವರೆಗೆ ಮುಂದೂಡುವ ಹಾಗಿಲ್ಲ.

ನನಗೆ ಮೊದಲ ಮುಟ್ಟು ಬಂದದ್ದು ಆಸ್ಪತ್ರೆಯಿಂದ ಬಂದ ಐದು ವಾರಕ್ಕೆ. ಬೆಳಿಗ್ಗೆ ಕಲೆ ನೋಡಿದ ಕೂಡಲೇ ಕೈ ತಾನಾಗೇ ಫೋನ್ ಹುಡುಕಿತು. 7:15 ಹೊಸ ಪ್ಯಾಡ್. 12:40 ಅರ್ಧ. ಸಂಜೆ ಆರಕ್ಕೆ ಇನ್ನೊಂದು. ರಾತ್ರಿ ಮಲಗುವಾಗ ಗೆಳತಿಗೆ ಕಳಿಸಿದೆ, "ಇಡೀ ದಿನಕ್ಕೆ ಮೂರು." ಅವಳು ಬರೆದಳು, "ಇನ್ನೊಂದು ನೋಡೋಣ ಅಂದ್ರೆ ಕೊಲ್ತೀನಿ."